ಬೇವಿನಡಿಯ ಹಳದಿ ಗಾಡಿ

ವಾಡಿಯ ಸ್ಟೇಷನ್ ರಸ್ತೆಯನ್ನು ದಾಟಲು ಹೆನ್ರಿಕ್ ಎಂಬ ಪರದೇಶದ ಇಂಜಿನಿಯರನಿಗೆ ಮೊದಲ ದಿನ ಮೂವತ್ತೈದು ನಿಮಿಷ ಬೇಕಾದವು. ಇದು ಊರವರು ಕಟ್ಟಿದ ಮಾತಲ್ಲ. ಅವನೇ ತನ್ನ ನೋಟ್‌ಬುಕ್ಕಿನಲ್ಲಿ ಗಂಟೆ ನಿಮಿಷ ಸಹಿತ ಬರೆದಿಟ್ಟುಕೊಂಡಿದ್ದ. ಆರಡಿ ಮೀರಿದ ಆಳು, ಹೆಗಲಿಗೆ ಚರ್ಮದ ಚೀಲ, ತಲೆಯ ಮೇಲೆ ಬಿಳಿ ಟೊಪ್ಪಿಗೆ. ರಸ್ತೆಯ ಅಂಚಿನಲ್ಲಿ ನಿಂತು ಒಂದು ಕಾಲು ಮುಂದಿಡುವನು, ಜನ ತುಂಬಿದ ಮೂರು ಗಾಲಿಯ ಟಂಟಂ ಬಂದರೆ ಹಿಂದಕ್ಕೆಳೆದುಕೊಳ್ಳುವನು. ಇನ್ನೊಂದು ಕಾಲು ಮುಂದಿಡುವನು, ಸಿಮೆಂಟಿನ ಲಾರಿ ಬಂದರೆ ಅದನ್ನೂ ಎಳೆದುಕೊಳ್ಳುವನು. ಈ ನಡುವೆ ಎರಡು ಎಮ್ಮೆಗಳು ಅವನ ಪಕ್ಕದಿಂದಲೇ ಇಳಿದು, ಎಡ ಬಲ ನೋಡದೆ ಆಚೆ ಸೇರಿ, ಗೋಡೆಯ ಮೇಲಿನ ಪೋಸ್ಟರನ್ನು ನೆಕ್ಕತೊಡಗಿದವು. ಅವುಗಳ ಬೆನ್ನಿಗೇ ಹೋಗಬಹುದಿತ್ತೆಂದು ಅವನಿಗೆ ಹೊಳೆಯುವಷ್ಟರಲ್ಲಿ ಆ ದಾರಿ ಮುಚ್ಚಿಹೋಗಿತ್ತು.

ರೇವಣಸಿದ್ದಯ್ಯನವರು ಈ ಪಾಡನ್ನು ಹಾಲಿನ ಅಂಗಡಿಯ ಮುಂದಿನಿಂದ ನೋಡುತ್ತಿದ್ದರು. ರೈಲ್ವೆಯ ಪಾರ್ಸಲ್ ಆಫೀಸಿನಲ್ಲಿ ಮೂವತ್ತನಾಲ್ಕು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾದವರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕೊರಳಲ್ಲಿ ಇಷ್ಟಲಿಂಗದ ಕರಡಿಗೆ, ಕೈಯಲ್ಲಿ ಹಾಲಿನ ಪಾತ್ರೆ. ಪಾರ್ಸಲ್ ರಸೀದಿ ಬರೆದು ಬರೆದು ಅವರಿಗೆ ಇಂಗ್ಲಿಷು ಬಂದಿತ್ತು. ಬೇಕಾದಷ್ಟು ಬಂದಿತ್ತು, ಅಲಂಕಾರ ಬಂದಿರಲಿಲ್ಲ. ಅವರು ಹತ್ತಿರ ಹೋಗಿ ಹೆನ್ರಿಕ್‌ನ ಮುಂಗೈ ಹಿಡಿದರು. ಅವರಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆದದ್ದು. ಇಲ್ಲಿ ಕನ್ನಡದಲ್ಲಿ ಹೇಳಬೇಕಷ್ಟೆ.

"ಗಾಡಿಯನ್ನು ನೋಡಬೇಡಿ, ನಡೆಸುವವನ ಮುಖ ನೋಡಿ. ಓಡಬೇಡಿ, ನಿಲ್ಲಲೂಬೇಡಿ. ಒಂದೇ ಹದದಲ್ಲಿ ನಡೆಯಿರಿ. ಕೈ ಹೀಗೆ ಕೆಳಗೆ ಹಿಡಿಯಿರಿ, ಹಾಯಲು ಬಂದ ಆಕಳನ್ನು ಸಮಾಧಾನ ಮಾಡುವ ಹಾಗೆ."

"ಅವನು ನಿಲ್ಲಿಸದಿದ್ದರೆ?"

"ನಿಲ್ಲಿಸುವುದಿಲ್ಲ. ನಿಮ್ಮನ್ನು ಬಳಸಿಕೊಂಡು ಹೋಗುತ್ತಾನೆ. ನೀವು ಗಕ್ಕನೆ ನಿಂತರೆ ಮಾತ್ರ ಅವನ ಲೆಕ್ಕ ತಪ್ಪುತ್ತದೆ."

ಹೀಗೆ ರಸ್ತೆಯ ನಡುವಿನ ಸಣ್ಣ ಕಟ್ಟೆಯವರೆಗೆ ಕರೆದುಕೊಂಡು ಹೋಗಿ, ಅಲ್ಲಿ ಕೈ ಬಿಟ್ಟು, "ಇನ್ನು ನೀವೇ ಹೋಗಿ" ಎಂದು ತಾವು ಹಿಂತಿರುಗಿದರು. ಹೆನ್ರಿಕ್ ಆಚೆ ದಡ ಮುಟ್ಟಿ, ಗೆದ್ದವನಂತೆ ಎರಡೂ ಕೈ ಎತ್ತಿದ. ನೋಟ್‌ಬುಕ್ಕಿನಲ್ಲಿ ಮಾತ್ರ ಒಂದು ಸಾಲು ಸೇರಿಸಿದ: ನನ್ನ ಗುರುಗಳು ಅರ್ಧ ರಸ್ತೆ ಮಾತ್ರ ದಾಟುತ್ತಾರೆ.

ಅವನು ಬಂದದ್ದು ಸಂಕ್ರಾಂತಿ ಮುಗಿದ ಮೇಲೆ, ಡೆನ್ಮಾರ್ಕ್ ದೇಶದಿಂದ, ಸಿಮೆಂಟ್ ಕಾರ್ಖಾನೆಗೆ ತಂದ ಹೊಸ ಯಂತ್ರವೊಂದನ್ನು ಕೂಡಿಸಲು. ಕಾರ್ಖಾನೆಯ ಅತಿಥಿಗೃಹದಲ್ಲಿ ಜಾಗವಿರಲಿಲ್ಲ. ರೇವಣಸಿದ್ದಯ್ಯನವರ ಮನೆಯ ಮೇಲಿನ ಕೋಣೆ ಖಾಲಿಯಿತ್ತು. ರಸ್ತೆಯಲ್ಲಿ ಕೈ ಹಿಡಿದ ಪರಿಚಯ ಸಾಕಾಯಿತು. ಮೂರನೆಯ ದಿನ ಅವನು ಪೆಟ್ಟಿಗೆ ಸಮೇತ ಬಂದು ಸೇರಿದ. ಬೆಳಿಗ್ಗೆ ಅಯ್ಯನವರ ಪೂಜೆ ಮುಗಿಯುವವರೆಗೆ ಮೆಟ್ಟಿಲ ಮೇಲೆ ಬೂಟು ಕೈಯಲ್ಲಿ ಹಿಡಿದು ಸದ್ದಿಲ್ಲದೆ ಕೂತಿರುವನು. ಇದನ್ನು ನೋಡಿ ಅಯ್ಯನವರಿಗೆ ಅವನ ಮೇಲೆ ಪ್ರೀತಿ ಬಂತು.

ಸಂಜೆ ಇಬ್ಬರೂ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುವರು. ಮಾತು ಯಾವಾಗಲೂ ರಸ್ತೆಯದೇ. ತಮ್ಮೂರಲ್ಲಿ ನಡೆಯುವವರಿಗೂ ಕೆಂಪು ದೀಪ ಇರುವುದಾಗಿ ಹೆನ್ರಿಕ್ ಹೇಳಿದ. ಮಂಜು ಬೀಳುವ ಮುಂಜಾವಿನಲ್ಲಿ, ದಾರಿಯಲ್ಲಿ ಒಂದು ಸೈಕಲ್ ಕೂಡ ಇಲ್ಲದಿದ್ದರೂ, ದೀಪ ಹಸಿರಾಗುವವರೆಗೆ ಜನ ನಿಂತೇ ಇರುತ್ತಾರಂತೆ.

"ಯಾರು ನೋಡುತ್ತಿರುತ್ತಾರೆ?" ಎಂದು ಅಯ್ಯನವರು ಕೇಳಿದರು.

"ಯಾರೂ ಇಲ್ಲ."

ಅಯ್ಯನವರು ಬಹಳ ಹೊತ್ತು ತಲೆಯಾಡಿಸಿದರು. ಯಾರೂ ನೋಡದಿದ್ದಾಗಲೂ ನೇಮ ತಪ್ಪದಿರುವುದು ಅವರ ಮಟ್ಟಿಗೆ ಪೂಜೆಯ ಮಾತು. ಅದನ್ನು ರಸ್ತೆಯ ಕಂಬದ ಕೆಳಗೆ ಮಾಡುವ ಜನರೂ ಲೋಕದಲ್ಲಿದ್ದಾರೆಂದು ತಿಳಿದು ಅವರಿಗೆ ಸಂತೋಷವಾಯಿತು.

ಇನ್ನೊಂದು ದಿನ ಅವನು ಚರ್ಮದ ಚೀಲದಿಂದ ಅಂಗೈಯಗಲದ ನೀಲಿ ಬಿಲ್ಲೆಯೊಂದನ್ನು ತೆಗೆದು ತೋರಿಸಿದ. ಗಡಿಯಾರದ ಮುಖದಂತಿತ್ತು, ಒಂದೇ ಮುಳ್ಳು. ಅವರ ದೇಶದಲ್ಲಿ ಕಾರು ನಿಲ್ಲಿಸಿದವನು ತಾನು ಬಂದ ಹೊತ್ತಿಗೆ ಮುಳ್ಳು ತಿರುಗಿಸಿ ಗಾಜಿನ ಹಿಂದೆ ಇಟ್ಟು ಹೋಗಬೇಕು. ಹೇಳಿದ್ದಕ್ಕಿಂತ ಹೆಚ್ಚು ಹೊತ್ತು ನಿಂತರೆ ದಂಡ. ಕಾರಿನಲ್ಲಿ ಬಿಟ್ಟು ಬರಬೇಕಾದದ್ದು ಮರೆತು ಚೀಲದಲ್ಲಿ ಬಂದುಬಿಟ್ಟಿತ್ತು.

"ಮುಳ್ಳನ್ನು ಸುಳ್ಳು ಹೊತ್ತಿಗೆ ತಿರುಗಿಸಿದರೆ?"

ಹೆನ್ರಿಕ್ ಯೋಚಿಸಿದ. "ಹಾಗೂ ಮಾಡಬಹುದು," ಎಂದ, ಅದು ಈವರೆಗೆ ತನಗೆ ಹೊಳೆದೇ ಇರಲಿಲ್ಲವೆಂಬಂತೆ.

ಅವನ ನೋಟ್‌ಬುಕ್ ದಿನೇ ದಿನೇ ತುಂಬಿತು. ಚಿತ್ತಾಪುರದ ಬಜಾರಿನಲ್ಲಿ ಒಬ್ಬ ಮನುಷ್ಯ ಬೈಕನ್ನು ಅಂಗಡಿಯ ಒಳಗೆ, ಸಕ್ಕರೆ ಚೀಲದ ಪಕ್ಕ ನಿಲ್ಲಿಸಿದ. ಅಂಗಡಿಯವನು ಅದರ ಸೀಟಿನ ಮೇಲೆ ತಕ್ಕಡಿ ಇಟ್ಟುಕೊಂಡ. ಸೇಡಂ ದಾರಿಯಲ್ಲಿ ಟಾರಿನ ಮೇಲೆ ತೊಗರಿ ಹರವಿದ್ದರು. ಜೀಪು ಅದರ ಮೇಲೆ ಹಾಯ್ದಾಗ ಹೆನ್ರಿಕ್ ಹೌಹಾರಿ ಜೀಪು ನಿಲ್ಲಿಸಿ, ಇಳಿದು ಹೋಗಿ, ಹೊಲದ ಹೆಣ್ಣುಮಗಳಿಗೆ ಕೈಮುಗಿದು ಕ್ಷಮೆ ಕೇಳಿದ. ಕಾಯಿ ಒಡೆಯಲೆಂದೇ ಗಾಡಿಗಳ ದಾರಿಗೆ ಹರವಿದ್ದ ಅವಳು, ಇನ್ನೊಂದು ಸಲ ಹಿಂದಕ್ಕೆ ಬಂದು ನಿಧಾನವಾಗಿ ಹಾಯಿಸಿಕೊಂಡು ಹೋಗಲು ಹೇಳಿದಳು. ಶಹಾಬಾದಿನಲ್ಲಿ ನಿಂತ ಲಾರಿಯ ಹಿಂದೆ ಎಚ್ಚರಿಕೆಗೆ ಒಂದು ಜಾಲಿ ಟೊಂಗೆ ಇಟ್ಟಿದ್ದರು; ಆಡು ಬಂದು ಎಚ್ಚರಿಕೆಯನ್ನು ತಿಂದುಕೊಂಡು ಹೋಯಿತು. ಎಲ್ಲಕ್ಕಿಂತ ಅವನಿಗೆ ಸೋಜಿಗವಾದದ್ದು, ಇಲ್ಲಿ ಗಾಡಿ ನಿಲ್ಲಿಸುವವರು ಹ್ಯಾಂಡಲಿಗೆ ಬೀಗ ಹಾಕುವುದಿಲ್ಲ, ಗೇರಿನಲ್ಲಿ ಬಿಡುವುದಿಲ್ಲ ಎಂಬುದು. ಬೇಕಾದವರು ಬೇಕಾದಂತೆ ಸರಿಸಿಕೊಳ್ಳಲಿ ಎಂದು ಬಿಟ್ಟು ಹೋಗುತ್ತಾರೆ. ಬೀಗ ಹಾಕಿದವನನ್ನು ಜನ ಬೈಯುತ್ತಾರೆ.

"ಮುಟ್ಟಿದರೆ ಮಾಲೀಕನಿಗೆ ಸಿಟ್ಟು ಬರುವುದಿಲ್ಲವೆ?"

"ಸರಿಸದಿದ್ದರೆ ಸಿಟ್ಟು ಬರುತ್ತದೆ. ಲಾರಿ ಬಂದು ತಾಗಿದರೆ ಯಾರ ತಪ್ಪು?"

ಫೆಬ್ರವರಿ ಮುಗಿಯುವ ಹೊತ್ತಿಗೆ ಅವನು ಕೇಳಬಾರದ ಪ್ರಶ್ನೆಯನ್ನು ಕೇಳಿದ. ಸ್ಟೇಷನ್ನಿನ ಕಡೆಯ ಬದಿಯಲ್ಲಿ, ದೊಡ್ಡ ಬೇವಿನ ಮರದ ಕೆಳಗೆ ಒಂದು ಹಳದಿ ಸ್ಕೂಟಿ ನಿಂತಿರುತ್ತದೆ. ಅದನ್ನು ಯಾರೂ ನಡೆಸಿದ್ದು ತಾನು ನೋಡಿಲ್ಲ. ಆದರೆ ಅದು ಬೆಳಿಗ್ಗೆ ಇದ್ದಲ್ಲಿ ಮಧ್ಯಾಹ್ನ ಇರುವುದಿಲ್ಲ, ಮಧ್ಯಾಹ್ನ ಇದ್ದಲ್ಲಿ ಸಂಜೆ ಇರುವುದಿಲ್ಲ. ಬಾಳೆಹಣ್ಣಿನ ಬಂಡಿಯ ಹೆಂಗಸನ್ನು ಕೇಳಿದರೆ ಅವಳು ಕಾಲು ಗಂಟೆ ಏನೇನೋ ಹೇಳಿದಳು, ಒಂದು ಮಾತೂ ತಿಳಿಯಲಿಲ್ಲ.

"ಯಾರದು ಆ ಗಾಡಿ?"

"ಗೊತ್ತಿಲ್ಲ," ಎಂದರು ರೇವಣಸಿದ್ದಯ್ಯನವರು.

ಮರುದಿನ ಬೆಳಿಗ್ಗೆ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಪೂಜೆಗೆ ಕೂತಾಗ ಆ ಒಂದು ಮಾತು ಹಲ್ಲಿನ ಸಂದಿಯ ಎಳೆಯಂತೆ ಅವರನ್ನು ಕಾಡಿತು. ಗಾಡಿ ಅವರದೇ. ಅವರದೆಂದರೆ ಅವರ ಹೆಂಡತಿ ಸೂಗಮ್ಮನದು. ಸೂಗಮ್ಮ ಸರಕಾರಿ ದವಾಖಾನೆಯ ನರ್ಸು. ಆ ಸ್ಕೂಟಿಯ ಮೇಲೆ ಸುತ್ತಲಿನ ಹಳ್ಳಿಗಳಿಗೆಲ್ಲ ಹೋಗಿ ಸೂಜಿ ಚುಚ್ಚಿ ಬಂದವಳು. ಅಯ್ಯನವರಿಗೆ ಗಾಡಿ ನಡೆಸಲು ಬರುತ್ತಿರಲಿಲ್ಲ. ಮದುವೆಯಾದಾಗ ಅವಳು ಅವರ ಸೈಕಲ್ಲಿನ ಹಿಂದೆ ಕೂತಳು. ಸ್ಕೂಟಿ ಬಂದ ಮೇಲೆ ಅವರು ಅವಳ ಹಿಂದೆ ಕೂತರು. ಊರು ನಕ್ಕಿತು, ಆಮೇಲೆ ಮರೆಯಿತು.

ದಸರೆ ಮುಗಿದ ಮೂರನೆಯ ದಿನ ಇಬ್ಬರೂ ಆ ಗಾಡಿಯ ಮೇಲೆಯೇ ಸ್ಟೇಷನ್ನಿಗೆ ಬಂದರು. ಎದೆಯಲ್ಲಿ ಏನೋ ಹಿಡಿದಂತಾಗುತ್ತದೆ, ಸೊಲ್ಲಾಪುರಕ್ಕೆ ಹೋಗಿ ತೋರಿಸಿಕೊಂಡು ಸಂಜೆಯ ರೈಲಿಗೆ ಮರಳುವುದು ಎಂದು. ಸೂಗಮ್ಮ ಬೇವಿನ ನೆರಳಿನಲ್ಲಿ ಗಾಡಿ ನಿಲ್ಲಿಸಿ, ಚಾವಿಯನ್ನು ಅವರ ಅಂಗಿಯ ಜೇಬಿಗೆ ಹಾಕಿದಳು. ಅದಾದ ನಾಲ್ಕನೆಯ ದಿನ ಅವರೊಬ್ಬರೇ ಅವಳನ್ನು ಆಂಬುಲೆನ್ಸಿನಲ್ಲಿ ಕರೆತಂದರು. ಸಮಾಧಿಯ ಕ್ರಿಯೆ ಮುಗಿಯಿತು, ಗಣಾರಾಧನೆ ಮುಗಿಯಿತು. ಗಾಡಿ ಮಾತ್ರ ಬೇವಿನ ಕೆಳಗೆ ಉಳಿಯಿತು. ಇಬ್ಬರು ಹೋದ ಗಾಡಿಯನ್ನು ಒಬ್ಬರೇ ತರುವುದು ಅವರಿಂದಾಗಲಿಲ್ಲ. ಚಾವಿ ಜೇಬಿನಲ್ಲಿ ಅಂಗಿಯಿಂದ ಅಂಗಿಗೆ ದಾಟುತ್ತಿತ್ತು. ಐದು ತಿಂಗಳಿಂದ ಅವರು ರಸ್ತೆಯ ಆ ಬದಿಗೆ ಕಾಲಿಟ್ಟಿರಲಿಲ್ಲ.

ಮಾರ್ಚ್ ತಿಂಗಳ ಒಂದು ಬುಧವಾರ ಆಟೋವೊಂದು ಧ್ವನಿವರ್ಧಕ ಕಟ್ಟಿಕೊಂಡು ಓಣಿ ಓಣಿ ತಿರುಗಿತು. ಸ್ಟೇಷನ್ ರಸ್ತೆಯಲ್ಲಿ ತಿಂಗಳಿಗಿಂತ ಹೆಚ್ಚು ಕಾಲ ವಾರಸುದಾರರಿಲ್ಲದೆ ನಿಂತ ವಾಹನಗಳನ್ನು ಸೋಮವಾರ ಬೆಳಿಗ್ಗೆ ಪುರಸಭೆಯವರು ಎತ್ತಿಕೊಂಡು ಹೋಗುವರು ಎಂದು ಸಾರಿತು. ಕಟ್ಟೆಯ ಮೇಲೆ ಕೂತಿದ್ದ ಅಯ್ಯನವರ ಕೈಯಲ್ಲಿ ಚಹಾ ಆರಿತು. ನಾಳೆ ಹೋಗಿ ತರುತ್ತೇನೆ ಅಂದುಕೊಂಡರು. ಗುರುವಾರ ನಡುವಿನ ಕಟ್ಟೆಯವರೆಗೆ ಹೋಗಿ, ಅಲ್ಲಿಂದಲೇ ತಿರುಗಿ, ಹಾಲು ತೆಗೆದುಕೊಂಡು ಬಂದರು. ಶುಕ್ರವಾರವೂ ಹಾಲು ತಂದರು.

ಸಾರಿದ್ದೇನೆಂದು ತಿಳಿದುಕೊಂಡ ಹೆನ್ರಿಕ್‌ಗೆ ಆ ಹಳದಿ ಗಾಡಿಯ ಮೇಲೆ ಕನಿಕರ ಬಂದಿತ್ತು. ಯಾರದೋ ಪಾಪ, ಊರಲ್ಲಿಲ್ಲ. ಕಂಡವರೆಲ್ಲ ಕೈಹಾಕಿ ಎಳೆದಾಡುತ್ತಾರೆ. ಸೋಮವಾರ ಎತ್ತಿಕೊಂಡು ಹೋಗುತ್ತಾರೆ. ಶುಕ್ರವಾರ ಮಧ್ಯಾಹ್ನ ಬಾಳೆಹಣ್ಣಿನ ಜೈತುನ್ಬೀ ಮನೆಗೆ ಹೋಗಿದ್ದಳು, ಪಂಕ್ಚರ್ ಅಂಗಡಿಯ ಕಲೀಮ್ ನಮಾಜಿಗೆ ಹೋಗಿದ್ದ. ಹೆನ್ರಿಕ್ ಶಹಾಬಾದಿನಿಂದ ಕೊಂಡು ತಂದ ಹೆಬ್ಬೆರಳು ದಪ್ಪದ ಸರಪಳಿಯಿಂದ ಗಾಡಿಯನ್ನು ಮರಕ್ಕೆ ಬಿಗಿದು, ಬೀಗ ಹಾಕಿ, ಒಳ್ಳೆಯ ಕೆಲಸ ಮಾಡಿದ ನೆಮ್ಮದಿಯಲ್ಲಿ ಜೀಪು ಹತ್ತಿ ಚಂದ್ರಂಪಳ್ಳಿಯ ಕೆರೆ ನೋಡಲು ಚಿಂಚೋಳಿಗೆ ಹೊರಟುಹೋದ. ಅಯ್ಯನವರಿಗೆ ಹೇಳಲಿಲ್ಲ. ಅವರಿಗೆ ಆ ಗಾಡಿ ಯಾರದೆಂದೇ ಗೊತ್ತಿಲ್ಲವಲ್ಲ.

ಶನಿವಾರ ಹನ್ನೊಂದು ಗಂಟೆಗೆ ಜೈತುನ್ಬೀ ಮನೆಯ ಮುಂದೆ ಬಂದು ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು, ಮುಖದ ಮೇಲೆ ಬೆವರು.

"ಸ್ವಾಮೇರ! ಹೊರಗ ಬರ್ರಿ ಜಲ್ದಿ. ಸೂಗಕ್ಕನ ಗಾಡಿಗಿ ಸರಪಳಿ ನೀವು ಹಾಕೀರೇನು?"

"ಸರಪಳಿ? ನಾ ಯಾಕ ಹಾಕ್ಲಿ ಜೈತುನ್?"

"ಮತ್ತ ಯಾರ್ ಹಾಕ್ಯಾರ? ಕಲ್ಲಿನ ಟ್ರ್ಯಾಕ್ಟರ್ ಬಂದು ನಿಂತದ, ಗಟಾರದ ಮ್ಯಾಲ ಹಾಸಾಕ. ಗಾಡಿ ಸರಸಾಕ ಬರವಲ್ದು. ಟ್ರ್ಯಾಕ್ಟರ್ ಹಿಂದ ಚಿತ್ತಾಪುರದ ಬಸ್ ನಿಂತದ. ಬಸ್ಸಿನ ಹಿಂದ ಇಡೀ ವಾಡೀನೇ ನಿಂತದ. ಡ್ರೈವರ್ ನಂಗೇ ಬೈಲಿಕತ್ತಾನ. ಗಾಡಿ ಬಿಸಲಾಗ ನಿಂತು ಕೆಂಡ ಆಗ್ಯಾದ. ನಡೀರಿ!"

"ನೀ ನಡಿ, ನಾ ಬರ್ತೀನಿ."

"ಐದ್ ತಿಂಗಳಿಂದ ಬರ್ಲಿಕತ್ತೀರಿ. ನಡೀರಿ ನನ್ನ ಸಂಗಟ."

ಅವರು ಚಪ್ಪಲಿ ಮೆಟ್ಟಿ ಹೊರಟರು. ರಸ್ತೆಯ ಅರ್ಧದವರೆಗೆ ಕಾಲು ತಾವಾಗಿಯೇ ಬಂದವು. ನಡುವಿನ ಕಟ್ಟೆ ಬಂದಾಗ ನಿಂತವು. ಜೈತುನ್ಬೀ ನಿಲ್ಲಲಿಲ್ಲ, ಮುಂದೆ ಹೋಗಿ ತಿರುಗಿ ನೋಡಿದಳು.

"ಯಾಕ್ರಿ? ಆ ಗೋರ್ಯಾನ್ಗಿ ಕಲಿಸಿದ್ದು ನಿಮಗ ಮರತದೇನು? ಮುಖ ನೋಡ್ಕೋತ ಬರ್ರಿ, ನನ್ನ ಮುಖ!"

ಬಸ್ಸಿನ ಕಿಟಕಿಯಿಂದ ಯಾರೋ ನಕ್ಕರು. ಅಯ್ಯನವರು ಕೈಯನ್ನು ಕೆಳಗೆ ಹಿಡಿದು, ಜೈತುನ್ಬೀಯ ಬೆವರಿದ ಮುಖವನ್ನೇ ನೋಡುತ್ತ, ಉಳಿದ ಅರ್ಧವನ್ನು ದಾಟಿದರು. ನಿಜವಾಗಿ ನೋಡಿದರೆ ದಾಟುವುದಕ್ಕೆ ಏನೂ ಇರಲಿಲ್ಲ. ಒಂದು ಗಾಡಿಯೂ ಅಲುಗಾಡುತ್ತಿರಲಿಲ್ಲ.

ಸ್ಕೂಟಿಯನ್ನು ಅವರು ಧೂಳು ಮುಚ್ಚಿ, ಟೈರು ಕುಸಿದು, ಹಕ್ಕಿಯ ಹಿಕ್ಕೆ ಬಿದ್ದು ಬೆಳ್ಳಗಾಗಿರುವುದೆಂದು ಮನಸ್ಸಿನಲ್ಲಿ ನೂರು ಸಲ ಕಂಡಿದ್ದರು. ಅದು ಹಾಗಿರಲಿಲ್ಲ. ಟೈರು ಗಟ್ಟಿಯಾಗಿದ್ದವು. ಸೀಟಿನ ಮೇಲೆ ಯಾರೋ ನೆನೆಸಿದ ಗೋಣಿತಟ್ಟು ಹೊದಿಸಿದ್ದರು. ಮೈಯೆಲ್ಲ ಒರೆಸಿ ಹೊಳೆಯುತ್ತಿತ್ತು. ದೀಪದ ಮೇಲೆ ಆಯುಧಪೂಜೆಯ ದಿನ ಸೂಗಮ್ಮ ಎಳೆದ ವಿಭೂತಿಯ ಮೂರು ಗೆರೆ ಹಾಗೇ ಇತ್ತು. ಸುತ್ತ ಒರೆಸಿದ್ದರು, ಅದೊಂದನ್ನು ಬಿಟ್ಟಿದ್ದರು.

"ಇದ್ನ ಯಾರ್ ಒರಸ್ತಾರ?" ಎಂದು ಕೇಳಿದರು.

"ಯಾರ್ ಒರಸ್ತಾರ, ನಾನೇ. ಮುಂಜಾನಿ ಬಂಡಿ ಒರಸಿದ ಅರಿವಿ ಕೈಯಾಗ ಇರ್ತದಲ್ಲ," ಎಂದಳು ಜೈತುನ್ಬೀ. "ಆ ಮೂರ್ ಗೆರಿ ನಿಮ್ಮ ದೇವ್ರುದು. ನಾ ಮುಟ್ಟಿಲ್ರಿ."

ಕಲೀಮ್ ಗರಗಸ ಹಿಡಿದು ಸರಪಳಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. "ನಾಕ್ ಸಲ ಹವಾ ತುಂಬೀನಿ ಸ್ವಾಮೇರ. ಟೈರ್ ನೆಲಕ್ಕ ಕುಂತ್ರ ರಿಮ್ ಖರಾಬ್ ಆಗ್ತದ. ಆದ್ರ ಈ ಸರಪಳಿ ನೋಡ್ರಿ, ಆನಿ ಕಟ್ಟೋದು ತಂದಾನ ಯಾವನೋ ಮಗ. ನಂದೇ ಗರಗಸ ಮೊಂಡ ಆಯ್ತು."

ಆ ಹೊತ್ತಿಗೆ ನಿಂತ ಗಾಡಿಗಳ ಸಾಲಿನ ತುದಿಯಿಂದ ಒಂದು ಬಿಳಿ ಟೊಪ್ಪಿಗೆ ಏಳುತ್ತ ಇಳಿಯುತ್ತ ಬರುತ್ತಿರುವುದು ಕಂಡಿತು. ಚಿಂಚೋಳಿಯಿಂದ ಮರಳುತ್ತಿದ್ದ ಜೀಪು ಅದೇ ಗದ್ದಲದಲ್ಲಿ ಸಿಕ್ಕಿಬಿದ್ದು, ಹೆನ್ರಿಕ್ ಇಳಿದು ನಡೆದು ಬರುತ್ತಿದ್ದ. ಬಸ್ಸಿಗೂ ಲಾರಿಗೂ ನಡುವೆ ನುಸುಳಿ, ಕೈ ಕೆಳಗೆ ಹಿಡಿದು, ಡ್ರೈವರುಗಳ ಮುಖ ನೋಡಿ ನೋಡಿ, ಒಮ್ಮೆಯೂ ನಿಲ್ಲದೆ ಬಂದ. ಕಲಿಸಿದ್ದರಲ್ಲಿ ಒಂದೂ ತಪ್ಪಲಿಲ್ಲ. ಸರಪಳಿ, ಗರಗಸ, ಜನ ಎಲ್ಲ ಕಂಡ ಮೇಲೆ ಅವನ ಮುಖ ಕೆಂಪಾಯಿತು. ಜೇಬಿನಿಂದ ಚಾವಿ ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿದು, ತನಗೆ ಬರುವ ಅಷ್ಟಿಷ್ಟು ಕನ್ನಡದಲ್ಲಿ, "ನಂದು ತಪ್ಪು," ಎಂದ.

"ತಪ್ಪು ಅಂತ!" ಜೈತುನ್ಬೀ ಸೊಂಟದ ಮೇಲೆ ಕೈಯಿಟ್ಟಳು. "ಯಾಕ ಹಾಕ್ದಿಯೋ ಯಪ್ಪಾ? ಕೇಳ್ರಿ ಸ್ವಾಮೇರ, ನಿಮ್ಮ ಭಾಷಾದಾಗ ಕೇಳ್ರಿ ಅವನ್ನ."

ಅಯ್ಯನವರು ಕೇಳಿದರು. ಹೆನ್ರಿಕ್ ಹೇಳಿದ: ಮಾಲೀಕನ ಒಪ್ಪಿಗೆ ಇಲ್ಲದೆ ದಿನಾ ಇದನ್ನು ಎಳೆದಾಡುತ್ತಿದ್ದಾರೆ. ಮಾಲೀಕ ಬರುವವರೆಗೆ ಕಾಪಾಡೋಣವೆಂದು ಹಾಕಿದೆ. ಅಯ್ಯನವರು ಅದನ್ನು ಜೈತುನ್ಬೀಗೆ ಹೇಳಿದರು.

"ಮಾಲಕರ ಒಪ್ಪಗಿ!" ಅವಳು ಕಲೀಮನತ್ತ ನೋಡಿದಳು, ಬಸ್ಸಿನ ಡ್ರೈವರನತ್ತ ನೋಡಿದಳು. "ಮಾಲಕರು ನಿನ್ನ ಬಾಜೂಕೇ ನಿಂತಾರಲ್ಲೋ, ಅವ್ರನ್ನೇ ಕೇಳು ಅಂತ ಹೇಳ್ರಿ ಅವಂಗ. ಹೇಳ್ರಿ ಸ್ವಾಮೇರ."

ಈ ಮಾತನ್ನು ಇಂಗ್ಲಿಷಿಗೆ ತಿರುಗಿಸಬಲ್ಲವರು ಆ ರಸ್ತೆಯಲ್ಲಿ ಒಬ್ಬರೇ ಇದ್ದರು. ಹೆನ್ರಿಕ್ ಕಾಯುತ್ತಿದ್ದ. ಬಸ್ಸು ಹಾರ್ನ್ ಹಾಕಿತು.

"ಇವಳು ಹೇಳುತ್ತಾಳೆ," ಎಂದು ಅಯ್ಯನವರು ಶುರುಮಾಡಿ, ಅರ್ಧಕ್ಕೇ ಬಿಟ್ಟು, ಮತ್ತೆ ಶುರುಮಾಡಿದರು. "ಇವಳು ಹೇಳುತ್ತಾಳೆ, ಮಾಲೀಕ ನಾನೇ ಎಂದು. ಗಾಡಿ ನನ್ನ ಹೆಂಡತಿಯದು. ಗೊತ್ತಿಲ್ಲ ಎಂದು ನಿಮಗೆ ಹೇಳಿದ್ದೆ. ಸುಳ್ಳು ಹೇಳಿದೆ."

ಹೆನ್ರಿಕ್ ಟೊಪ್ಪಿಗೆ ತೆಗೆದ. ಮೇಲಿನ ಕೋಣೆಗೆ ಹೋಗುವ ಮೆಟ್ಟಿಲಿನ ಪಕ್ಕದ ಸೂಗಮ್ಮನ ಫೋಟೋವನ್ನೂ ಅದರ ಹಾರವನ್ನೂ ಅವನು ದಿನಾ ನೋಡುತ್ತಿದ್ದವನೇ. ಅವನು ಬೀಗ ತೆಗೆದು, ಸರಪಳಿ ಬಿಚ್ಚಿದ. ಕಲೀಮ್ ಮತ್ತು ಬಸ್ಸಿನ ಕಂಡಕ್ಟರು ಗಾಡಿಯನ್ನು ಹಿಂದಿನಿಂದ ಹಿಡಿದು ನಾಲ್ಕು ಹೆಜ್ಜೆ ಸರಿಸಿದರು. ಟ್ರ್ಯಾಕ್ಟರು ಹೋಯಿತು, ಬಸ್ಸು ಹೋಯಿತು, ಬಸ್ಸಿನ ಹಿಂದಿನ ವಾಡಿಯೂ ಹೋಯಿತು.

ರಸ್ತೆ ತೆರವಾದ ಮೇಲೆ ಹೆನ್ರಿಕ್ ನೋಟ್‌ಬುಕ್ ತೆಗೆದು ಒಂದು ಹಾಳೆ ತೋರಿಸಿದ. ನಡುವೆ ಬೇವಿನ ಮರ. ಅದರ ಸುತ್ತ ಸಣ್ಣ ಸಣ್ಣ ಹಳದಿ ಚುಕ್ಕೆಗಳು. ಒಂದೊಂದರ ಪಕ್ಕ ತಾರೀಖು, ಗಂಟೆ. ನಲವತ್ತೊಂದು ದಿನದ ಚುಕ್ಕೆ. ಬೆಳಗಿನವೆಲ್ಲ ಪಡುವಣ ಬದಿಗೆ, ಮಧ್ಯಾಹ್ನದವು ಬುಡಕ್ಕೆ ಅಂಟಿಕೊಂಡು, ಸಂಜೆಯವು ಮೂಡಣಕ್ಕೆ. ಇದರಲ್ಲಿ ಏನೋ ನಿಯಮವಿದೆ, ಆದರೆ ಏನೆಂದು ತನಗೆ ತಿಳಿಯಲಿಲ್ಲ ಎಂದ.

ಅಯ್ಯನವರಿಗೆ ನೋಡಿದೊಡನೆ ತಿಳಿಯಿತು. ಆದರೂ ಜೈತುನ್ಬೀಯನ್ನು ಕೇಳಿದರು.

"ನೆಳ್ಳಿಗಿ ಸರಸ್ತೀನ್ರಿ. ಬಿಸಲ ಬಿದ್ರ ಸೀಟ್ ಕಾಯ್ತದ. ಸೂಗಕ್ಕಗ ಆಗ್ತಿದ್ದಿಲ್ಲಲ್ಲ, ದವಾಖಾನಿ ಕಡಿಂದ ಬರ್ತಿದ್ಲು, ಏ ಜೈತುನ್, ಗಾಡಿ ಬಿಸಲಾಗ ಬಿಟ್ಟಿ ಅಂತ ನಂಗ ಬೈತಿದ್ಲು. ಈಗ ಒಮ್ಮಿಗೇ ಬಂದು ಕುಂತ್ಳು ಅಂದ್ರ…"

ಅವಳು ಬಂಡಿಯ ಕಡೆ ತಿರುಗಿ, ಸರಿಯಾಗಿಯೇ ಇದ್ದ ಬಾಳೆಗೊನೆಯನ್ನು ಎತ್ತಿ ಇನ್ನೊಂದು ಬದಿಗೆ ಇಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಎರಡು ಹಣ್ಣು ಮುರಿದು ಹೆನ್ರಿಕ್‌ನ ಕೈಗಿಟ್ಟು, "ತಿನ್ನು, ಹಸದೀದಿ," ಎಂದಳು.

ಅಯ್ಯನವರು ಜೇಬಿನಿಂದ ಚಾವಿ ತೆಗೆದರು. ತೆಗೆದ ಮೇಲೆ, ಅದರಿಂದ ತಮಗೆ ಏನೂ ಮಾಡಲು ಬರುವುದಿಲ್ಲವೆಂಬುದು ನೆನಪಾಯಿತು. ಕಲೀಮ್ ತಾನು ನಡೆಸಿಕೊಂಡು ಮನೆಗೆ ಮುಟ್ಟಿಸುತ್ತೇನೆಂದ; ಬೇಡವೆಂದರು. ಹ್ಯಾಂಡಲ್ ಹಿಡಿದು, ಸ್ಟ್ಯಾಂಡ್ ತೆಗೆದು, ಗಾಡಿಯನ್ನು ನೂಕಿಕೊಂಡು ಹೊರಟರು. ಹೆನ್ರಿಕ್ ಮುಂದೆ ನಡೆದ. ರಸ್ತೆ ಬಂದಾಗ ಕೈ ಕೆಳಗೆ ಹಿಡಿದು ಮೊದಲು ತಾನಿಳಿದ. ಟಂಟಂ ಬಳಸಿ ಹೋಯಿತು, ಲಾರಿ ಬಳಸಿ ಹೋಯಿತು. ಎರಡು ಮೈಲಿನ ಆಚೆಗೂ ಕೇಳುವಂತೆ ಒಬ್ಬ ಆಟೋದವನು ಕೂಗಿದ.

"ಏನ್ರೀ ಸ್ವಾಮೇರ, ಪೆಟ್ರೋಲ್ ಖಾಲಿಯೇನು?"

"ಪೆಟ್ರೋಲ್ ಅದಪ್ಪ," ಎಂದರು ಅಯ್ಯನವರು. "ನಡಸಾಕ ಬರಂಗಿಲ್ಲ."

ಮನೆಯ ಬಾಗಿಲಿಗೆ ಸೂಗಮ್ಮ ಗಾಡಿ ಹತ್ತಿಸಲೆಂದು ಓರೆಯಾಗಿ ಹಾಕಿಸಿದ್ದ ಶಹಾಬಾದ್ ಕಲ್ಲು ಇತ್ತು. ಐದು ತಿಂಗಳಿಂದ ಅಯ್ಯನವರು ಅದನ್ನು ಎಡವುತ್ತ ಬಂದಿದ್ದರು. ಇವತ್ತು ಗಾಡಿ ಅದರ ಮೇಲೆ ಸಲೀಸಾಗಿ ಹತ್ತಿತು.

ಭಾನುವಾರ ಇಡೀ ದಿನ ಗಾಡಿ ಅಂಗಳದಲ್ಲಿ ನಿಂತಿತು. ಅಯ್ಯನವರು ಒರೆಸಿದರು, ಮೂರು ಗೆರೆಯನ್ನು ಬಿಟ್ಟರು. ಎದುರಿಗೆ ಕೂತು ನೋಡಿದರು. ಬಿಸಿಲು ಬಂದಾಗ ತಾವೇ ಎದ್ದು ನೆರಳಿಗೆ ಸರಿಸಿದರು. ಇನ್ನು ಪುರಸಭೆಯವರ ಭಯವಿಲ್ಲ. ಮಧ್ಯಾಹ್ನ ಎರಡನೆಯ ಸಲ ಸರಿಸಿದಾಗ, ಇಲ್ಲಿ ಇದನ್ನು ಬೈಯುವವರಿಲ್ಲ, ದಾರಿಗೆ ಅಡ್ಡ ಬಂತೆನ್ನುವವರಿಲ್ಲ, ಹವಾ ತುಂಬುವವರಿಲ್ಲ ಎಂಬುದು ಅವರ ಮನಸ್ಸಿಗೆ ಬಂತು. ಸಂಜೆ ಚಹಾ ಕುಡಿಯುವಾಗ ಅವರು ಹೆನ್ರಿಕ್‌ಗೆ, "ನಿಮ್ಮ ಆ ನೀಲಿ ಬಿಲ್ಲೆ ಕೊಡುತ್ತೀರಾ?" ಎಂದು ಕೇಳಿದರು.

"ಕೊಡುತ್ತೇನೆ. ಯಾಕೆ?"

"ನಿಯಮ ಪಾಲಿಸೋಣವೆಂದು."

ಬಿಲ್ಲೆ ಕೈಗೆ ಬಂದಾಗ ಅದರ ಮುಳ್ಳು ಎಲ್ಲೋ ಇತ್ತು. ಅವರು ಅದನ್ನು ಮೊದಲು ಒಂಬತ್ತೂ ಇಪ್ಪತ್ತಕ್ಕೆ ತಿರುಗಿಸಿದರು. ದಸರೆ ಮುಗಿದ ಮೂರನೆಯ ದಿನ ಬೇವಿನ ಕೆಳಗೆ ಗಾಡಿ ನಿಂತ ಹೊತ್ತು ಅದು. ಸ್ವಲ್ಪ ನೋಡಿ, ಬಿಲ್ಲೆಯನ್ನು ದೇವರ ಕೋಣೆಯಲ್ಲಿ ಇಟ್ಟರು.

ಸೋಮವಾರ ಪೂಜೆ ಮುಗಿಸಿ, ಗಾಡಿ ನೂಕಿಕೊಂಡು ಸ್ಟೇಷನ್ ರಸ್ತೆಗೆ ಹೋದರು. ಈ ಸಲ ನಡುವಿನ ಕಟ್ಟೆಯಲ್ಲಿ ನಿಲ್ಲಲಿಲ್ಲ. ಬೇವಿನ ಪಡುವಣ ಬದಿಯ ನೆರಳಿನಲ್ಲಿ ನಿಲ್ಲಿಸಿ, ಹ್ಯಾಂಡಲಿಗೆ ಬೀಗ ಹಾಕದೆ, ಸ್ಟೇಷನ್ನಿನ ಗಡಿಯಾರ ನೋಡಿ, ಬಿಲ್ಲೆಯ ಮುಳ್ಳನ್ನು ಎಂಟೂ ಹತ್ತಕ್ಕೆ ತಿರುಗಿಸಿ, ದೀಪದ ಕೆಳಗೆ ದಾರದಿಂದ ಕಟ್ಟಿದರು.

"ಹೊಳ್ಳಿ ಯಾಕ ತಂದ್ರಿ?" ಎಂದಳು ಜೈತುನ್ಬೀ. ಅವಳು ಕೇಳಿದ ರೀತಿಯಲ್ಲೇ ಸಂತೋಷ ಇತ್ತು.

"ದಿನಾ ತರ್ತೀನಿ. ಸಂಜಿಕಿ ಒಯ್ತೀನಿ. ನಂಗೂ ನಡದಂಗ ಆಗ್ತದ." ಆ ಬಿಲ್ಲೆ ಏತಕ್ಕೆಂಬುದನ್ನೂ ಅವಳಿಗೆ ಹೇಳಿದರು.

ಒಂಬತ್ತಕ್ಕೆ ಪುರಸಭೆಯ ಟ್ರ್ಯಾಕ್ಟರು ಬಂತು. ಮುಕ್ರಮ ಎಂಬ ಮೇಸ್ತ್ರಿ ಕಾಗದ ಹಿಡಿದು ಇಳಿದ. ಎರಡು ಮುರುಕು ಬೈಕು, ಚಕ್ರವಿಲ್ಲದ ಒಂದು ತಳ್ಳುಬಂಡಿ ಟ್ರಾಲಿಗೆ ಏರಿದವು. ಅವನು ಬೇವಿನ ಕೆಳಗೆ ಬಂದು, ಕಾಗದ ನೋಡಿ, ಗಾಡಿ ನೋಡಿ, ನೀಲಿ ಬಿಲ್ಲೆಯನ್ನು ಬೆರಳಿನಿಂದ ತಟ್ಟಿದ.

"ಹಳದಿ ಸ್ಕೂಟಿ, ಐದ್ ತಿಂಗಳಿಂದ ನಿಂತದ ಅಂತ ಬರದಾರ. ಇದೇನಿದು ಗಡಿಯಾರ?"

"ಕಣ್ಣ ಕಾಣಂಗಿಲ್ಲೇನೋ?" ಎಂದಳು ಜೈತುನ್ಬೀ ಬಂಡಿಯ ಹಿಂದಿನಿಂದ. "ಎಂಟೂ ಹತ್ತಕ್ಕ ಬಂದದ. ಬೇರೆ ದೇಶದಾಗ ಹಿಂಗೇ ಬರದು ಇಡ್ತಾರ. ನಿಮಗೇ ಗೊತ್ತಿಲ್ಲ."

ಮುಕ್ರಮ ತಲೆ ಕೆರೆದುಕೊಂಡ. "ವಾರಸುದಾರರು ಯಾರ್ ಇದಕ?"

"ನಾನು," ಎಂದರು ರೇವಣಸಿದ್ದಯ್ಯನವರು.

ಅವನು ಕಾಗದದಲ್ಲಿ ಒಂದು ಸಾಲು ಹೊಡೆದು ಮುಂದೆ ಹೋದ. ಅಯ್ಯನವರು ಹಾಲಿನ ಪಾತ್ರೆ ಎತ್ತಿಕೊಂಡು, ಆಚೆಯ ಹಾಲಿನ ಅಂಗಡಿಗೆಂದು ರಸ್ತೆಗಿಳಿದರು. ನಡುವೆ ತಲುಪಿದಾಗ ಒಮ್ಮೆ ತಿರುಗಿ ನೋಡಿದರು. ಜೈತುನ್ಬೀ ಒಂದು ಕೈಯಿಂದ ಗಿರಾಕಿಗೆ ಹಣ್ಣು ಕೊಡುತ್ತ, ಇನ್ನೊಂದು ಕೈಯಿಂದ ಗಾಡಿಯನ್ನು ಒಂದು ಗೇಣು ಒಳಕ್ಕೆ, ನೆರಳಿಗೆ ಎಳೆದುಕೊಳ್ಳುತ್ತಿದ್ದಳು.